ಹಗಲು ದೀವಟಿಗೆ: ಹಳೆಯ ಕಾರಿಗೆ ಡಿಆರ್‌ಎಲ್ ಕೂರಿಸಿದ ಕಥೆ

ನನ್ನ ಕಸುಬು ಮೋಟಾರ್ ರೀವೈಂಡಿಂಗ್. ದಾವಣಗೆರೆಯಲ್ಲಿ ಅಂಗಡಿ. ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ಪಂಪುಗಳು ಸುಟ್ಟುಕೊಂಡು ಬಂದರೆ ಹೊಟ್ಟೆ ಬಗೆದು, ಹೊಸ ತಾಮ್ರ ಸುತ್ತಿ, ವಾರ್ನಿಷ್ ಕುಡಿಸಿ ಕಳಿಸುತ್ತೇನೆ. ಕಾರಿನ ವೈರಿಂಗಿಗೆ ಕೈ ಹಾಕಿದವನಲ್ಲ. ಹನ್ನೆರಡು ವೋಲ್ಟ್ ಎಂದರೆ ನಮ್ಮಂಥವರಿಗೆ ಸ್ವಲ್ಪ ತಾತ್ಸಾರ. ಮುಟ್ಟಿದರೆ ಚುರುಕ್ ಎನ್ನದ ಕರೆಂಟೂ ಒಂದು ಕರೆಂಟೇ? ಆ ತಾತ್ಸಾರಕ್ಕೆ ತಕ್ಕ ಶಾಸ್ತಿಯೂ ಆಯಿತು.

ಈ ಕೆಲಸಕ್ಕೆ ಇಳಿದದ್ದು ಜಗಳೂರು ರಸ್ತೆಯ ಒಂದು ಮಧ್ಯಾಹ್ನದಿಂದ. ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್ ಒಂದನ್ನು ಹಿಂದೆ ಹಾಕಲು ಬಲಕ್ಕೆ ಸರಿದೆ. ಮುಂದೆ ಹುಣಸೆ ಮರಗಳ ಸಾಲು; ನೆರಳು ಬಿಸಿಲು ಎರಡೂ ರಸ್ತೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿದ್ದವು. ರಸ್ತೆ ಖಾಲಿ ಎಂದುಕೊಂಡೆ. ಖಾಲಿ ಇರಲಿಲ್ಲ. ಆ ಚುಕ್ಕೆಗಳ ನಡುವಿನಿಂದಲೇ ಬೂದು ಬಣ್ಣದ ಕಾರೊಂದು ಮೂಡಿ ಬಂತು. ಬ್ರೇಕ್ ತುಳಿದು ಟ್ರ್ಯಾಕ್ಟರಿನ ಹಿಂದಕ್ಕೆ ಬಂದು ಸೇರಿಕೊಂಡೆ. ಮನೆಗೆ ಬಂದು ನಿಲ್ಲಿಸಿ ನೋಡಿದರೆ ನನ್ನ ಕಾರೂ ಬೂದು ಬಣ್ಣದ್ದೇ. ನನಗೆ ಅವನು ಕಾಣದಿದ್ದಂತೆ ನಾನೂ ಎಷ್ಟು ಜನರಿಗೆ ಕಂಡಿಲ್ಲವೋ.

ಹಗಲಿನಲ್ಲಿ ಉರಿಯುವ ದೀಪ, ಅಂದರೆ ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲ್ಯಾಂಪ್) ಹಾಕಿಸುತ್ತೇನೆ ಎಂದಾಗ ಪಕ್ಕದ ನೂಲಿನ ಅಂಗಡಿಯ ಹಿರಿಯರು ನಕ್ಕರು. 'ಹಗಲು ದೀವಟಿಗೆ ಅಂದರೆ ಹಿಂದೆ ದೊಡ್ಡ ಬಿರುದು ಕಣಪ್ಪ. ಪಲ್ಲಕ್ಕಿಯಲ್ಲಿ ಕೂತವರ ಮುಂದೆ ಹಿಡಿಯುತ್ತಿದ್ದರು. ನಿನಗೆ ಯಾರು ಕೊಟ್ಟರು ಆ ಮರ್ಯಾದೆ?' ತಮಾಷೆಗೆ ಅಂದದ್ದಾದರೂ ಮಾತು ಸರಿಯಾದ ಜಾಗಕ್ಕೇ ತಾಗಿತು. ಹಗಲು ದೀವಟಿಗೆ ದಾರಿ ಕಾಣಲಿ ಎಂದು ಹಿಡಿಯುವುದಲ್ಲ, ಬರುತ್ತಿರುವವರು ಕಾಣಲಿ ಎಂದು ಹಿಡಿಯುವುದು. ಡಿಆರ್‌ಎಲ್ ಮಾಡುವುದೂ ಅಷ್ಟನ್ನೇ.

ಇದು ನಮಗೆ ಪೂರ್ತಿ ಹೊಸದೂ ಅಲ್ಲ. 2017ರ ಏಪ್ರಿಲ್ 1ರಿಂದ ಹೊಸ ಬೈಕು, ಸ್ಕೂಟರುಗಳ ಹೆಡ್‌ಲೈಟ್ ಎಂಜಿನ್ ಚಾಲೂ ಆದೊಡನೆ ತಾನೇ ಉರಿಯಬೇಕೆಂಬ ನಿಯಮ ಬಂತು. ಆಗ ದಾರಿಯಲ್ಲಿ ಎದುರಾದವರೆಲ್ಲ ಐದೂ ಬೆರಳು ಮುಚ್ಚಿ ತೆರೆದು 'ನಿಮ್ಮ ಲೈಟ್ ಉರಿಯುತ್ತಿದೆ' ಎಂದು ಸನ್ನೆ ಮಾಡುತ್ತಿದ್ದದ್ದು ನೆನಪಿರಬಹುದು. ಕಾರುಗಳಿಗೆ ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಚಳಿಗಾಲದಲ್ಲಿ ಹಗಲೇ ಮಬ್ಬಾಗಿರುವ ಸ್ವೀಡನ್ನಿನಲ್ಲಿ 1977ರಿಂದಲೇ ಹಗಲೂ ದೀಪ ಹಚ್ಚಿ ಓಡಿಸಬೇಕು. ಯುರೋಪಿನ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಕಡ್ಡಾಯ. ನಮ್ಮಲ್ಲಿ ಮಬ್ಬಿಲ್ಲ, ಕಣ್ಣು ಕುಕ್ಕುವ ಬಿಸಿಲಿದೆ. ಬೆಳಿಗ್ಗೆ ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟರೆ ಸೂರ್ಯ ಎದುರಿಗೇ ಇರುತ್ತಾನೆ, ಎದುರಿನಿಂದ ಬರುವ ವಾಹನ ಬರಿಯ ಕಪ್ಪು ನೆರಳು. ಆ ಕಪ್ಪಿನಲ್ಲಿ ಎರಡು ಬಿಳಿ ಚುಕ್ಕೆ ಇದ್ದರೆ ಅದು ನಿಂತಿದೆಯೋ ಬರುತ್ತಿದೆಯೋ ಎಂಬುದು ಬೇಗ ಗೊತ್ತಾಗುತ್ತದೆ.

ದೀಪ ಕೊಳ್ಳಲು ಹೋದಾಗ ಅಂಗಡಿಯವನು ಮೊದಲು ತೋರಿಸಿದ್ದು ಕೆಂಪು ನೀಲಿ ಮಿಣುಕುವ ಪಟ್ಟಿ. ಕಾರಿಗೆ ಮದುವೆಯಿಲ್ಲ ಎಂದು ಹೇಳಿ ಪಕ್ಕಕ್ಕಿಟ್ಟೆ. ಮುಂದಕ್ಕೆ ಕೆಂಪು ಬೆಳಕು ತೋರಿಸುವುದು ನಿಯಮದಲ್ಲೇ ಇಲ್ಲ. ಎರಡನೆಯದು ಅಂಟಿಸುವ ಎಲ್‌ಇಡಿ ಪಟ್ಟಿ. ರಾತ್ರಿ ಚೆಂದ, ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ಹೆಜ್ಜೆ ಹಿಂದೆ ಹೋದರೆ ಉರಿಯುತ್ತಿದೆಯೋ ಇಲ್ಲವೋ ತಿಳಿಯದು. ಮೂರನೆಯ ಪೆಟ್ಟಿಗೆಯಲ್ಲಿದ್ದ ಜೋಡಿಯ ಗಾಜಿನ ಮೂಲೆಯಲ್ಲಿ, ವೃತ್ತದೊಳಗೆ 'ಇ' ಅಕ್ಷರ, ಅದರ ಪಕ್ಕ 'ಆರ್‌ಎಲ್' ಎಂದು ಅಚ್ಚಾಗಿತ್ತು. ಹುಡುಕಬೇಕಾದದ್ದು ಆ ಎರಡು ಅಕ್ಷರ. ಹಗಲು ದೀಪದ ಅಂತರರಾಷ್ಟ್ರೀಯ ಕಟ್ಟಳೆಯ ಪ್ರಕಾರ ನೇರ ಎದುರಿಗೆ ಕನಿಷ್ಠ 400 ಕ್ಯಾಂಡೆಲಾ, ಗರಿಷ್ಠ 1200 ಕ್ಯಾಂಡೆಲಾ ಇರಬೇಕು; ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಬೀಳುವ ಬೆಳಕಿನ ತೀವ್ರತೆಯ ಅಳತೆ. ಕಡಿಮೆಯಾದರೆ ಬಿಸಿಲಿನಲ್ಲಿ ಕಾಣದು, ಹೆಚ್ಚಾದರೆ ಎದುರಿನವನ ಕಣ್ಣಿಗೆ ಚುಚ್ಚುತ್ತದೆ.

ಕೂರಿಸುವ ಜಾಗಕ್ಕೂ ಅಳತೆಯಿದೆ: ನೆಲದಿಂದ 25 ಸೆಂಟಿಮೀಟರಿಗಿಂತ ಮೇಲೆ, ಒಂದೂವರೆ ಮೀಟರಿಗಿಂತ ಕೆಳಗೆ, ಎರಡು ದೀಪಗಳ ಒಳ ಅಂಚುಗಳ ನಡುವೆ ಕನಿಷ್ಠ 60 ಸೆಂಟಿಮೀಟರ್. ನನ್ನ ಬಂಪರಿನ ಕೆಳಗಿನ ಜಾಲರಿಯ ಎರಡು ತುದಿಗಳಲ್ಲಿ 41 ಸೆಂಟಿಮೀಟರ್ ಎತ್ತರ ಸಿಕ್ಕಿತು. ನಮ್ಮ ರಸ್ತೆಯುಬ್ಬುಗಳನ್ನು ನೆನೆದು ಇನ್ನೂ ಸ್ವಲ್ಪ ಮೇಲೆ ಹೋಗಲು ಮನಸ್ಸಾಯಿತು, ಜಾಗವಿರಲಿಲ್ಲ.

ಬಂಪರ್ ಬಿಚ್ಚಿದ್ದರಿಂದ ಹೆಡ್‌ಲೈಟಿನ ಬೆನ್ನೂ ಕಣ್ಣಿಗೆ ಬಿತ್ತು. ಎಡಗಡೆಯ ಬಲ್ಬಿನ ಹೋಲ್ಡರ್ ಬಿಸಿಗೆ ಕಂದಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಮೀಟರ್ ಹಿಡಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಬುಡದಲ್ಲಿ 13.9 ವೋಲ್ಟ್, ಬಲ್ಬಿನ ಕಾಲಿನಲ್ಲಿ 12.3. ದಾರಿಯಲ್ಲಿ 1.6 ವೋಲ್ಟ್ ಮಾಯ! ಪಾಸಿಟಿವ್ ಕಡೆ 1.1, ಬಾಡಿ ಅರ್ಥಿಂಗ್ ಕಡೆ 0.5. ಕಿಲೋಮೀಟರುಗಟ್ಟಲೆ ಎಳೆದ ಲೈನಿನ ತುದಿಯಲ್ಲಿ ಪಂಪು ಮುಕ್ಕುವುದನ್ನು ದಿನವೂ ನೋಡುವವನಿಗೆ ಇದರ ಅರ್ಥ ಯಾರೂ ಹೇಳಬೇಕಾಗಿಲ್ಲ. ಹ್ಯಾಲೊಜೆನ್ ಬಲ್ಬಿಗೆ ಈ ಪೆಟ್ಟು ಪಂಪಿಗಿಂತ ಜೋರು: ವೋಲ್ಟೇಜ್ ನೂರಕ್ಕೆ ಹತ್ತು ಭಾಗ ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಭಾಗ ಇಳಿಯುತ್ತದೆ. ನನ್ನ ಲೆಕ್ಕಕ್ಕೆ ಮೂರನೇ ಒಂದು ಪಾಲು ಬೆಳಕು ಸ್ವಿಚ್ಚು, ತುಕ್ಕು ಮತ್ತು ಎಳೆಯಂಥ ತಂತಿಗಳನ್ನು ಬಿಸಿ ಮಾಡಲು ಖರ್ಚಾಗುತ್ತಿತ್ತು. ವರ್ಷಗಟ್ಟಲೆ ನನ್ನ ಕಣ್ಣಿಗೇ ವಯಸ್ಸಾಯಿತು ಎಂದು ನಂಬಿದ್ದೆ.

ಮಾರುಕಟ್ಟೆಯಲ್ಲಿ ಇದಕ್ಕೆ ಕೊಡುವ ಮದ್ದು 100/90 ವ್ಯಾಟಿನ ಬಲ್ಬು, ಇಲ್ಲವೇ ಹ್ಯಾಲೊಜೆನ್ ಗೂಡಿಗೆ ಎಲ್‌ಇಡಿ ಬಲ್ಬು. ಮೊದಲನೆಯದು ಆಗಲೇ ಕಂದಿದ ಹೋಲ್ಡರನ್ನು ಸುಟ್ಟೇಬಿಡುತ್ತದೆ. ಎರಡನೆಯದರ ಬೆಳಕು ಹುಟ್ಟುವ ಜಾಗ ಹ್ಯಾಲೊಜೆನ್ನಿನ ತಂತಿ ಇರುವ ಜಾಗಕ್ಕೆ ಸರಿಯಾಗಿ ಕೂರುವುದೇ ಕಷ್ಟ. ಹೆಡ್‌ಲೈಟಿನೊಳಗಿನ ಕನ್ನಡಿ ಆ ಬೆಳಕನ್ನು ದಿಕ್ಕು ತಪ್ಪಿಸಿ ಎದುರಿನವನ ಮುಖಕ್ಕೆ ಎರಚುತ್ತದೆ. ನಮ್ಮೂರಿನ ರಿಂಗ್ ರಸ್ತೆಯಲ್ಲಿ ರಾತ್ರಿ ಎಂಟರ ಮೇಲೆ ಓಡಾಡಿದವರಿಗೆ ಆ ಬೆಳ್ಳನೆಯ ಹಿಂಸೆ ಗೊತ್ತು. ನಾನು 60/55 ವ್ಯಾಟಿನ ಸಾದಾ ಬಲ್ಬನ್ನೇ ಉಳಿಸಿಕೊಂಡೆ. ಪಿಂಗಾಣಿ ಹೋಲ್ಡರ್, ಬ್ಯಾಟರಿಯಿಂದ ನೇರ ಎರಡೂವರೆ ಚದರ ಮಿಲಿಮೀಟರ್ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಡಿಮ್‌ಗೆ ಒಂದು ಬ್ರೈಟ್‌ಗೆ ಒಂದು ರಿಲೇ. ರಿಲೇ ಎಂದರೆ ಒಳಗಿನ ಸುರುಳಿಗೆ ಸಣ್ಣ ಕರೆಂಟು ಕೊಟ್ಟು ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು. ಹಳೆಯ ತಂತಿಗೆ ಈಗ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ. ಮತ್ತೆ ಅಳೆದಾಗ ಬಲ್ಬಿನಲ್ಲಿ 13.5 ವೋಲ್ಟ್. ಹಳದಿಗಟ್ಟಿದ ಗಾಜನ್ನು 1000, 1500, 2000ರ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆದೆ. ಟೂತ್‌ಪೇಸ್ಟಿನ ಉಪಾಯ ನಾನೂ ಮಾಡಿದ್ದೇನೆ. ಎರಡು ತಿಂಗಳಲ್ಲಿ ಮತ್ತೆ ಹಳದಿ.

ಈಗ ಹಗಲು ದೀಪದ ವೈರಿಂಗ್. ತತ್ತ್ವ ಸರಳ: ಕೀಲಿ ತಿರುಗಿಸಿದಾಗ ಉರಿಯಬೇಕು, ಹೆಡ್‌ಲೈಟ್ ಹಚ್ಚಿದೊಡನೆ ಆರಬೇಕು. ಆರಲೇಬೇಕು ಏಕೆಂದರೆ ಡಿಆರ್‌ಎಲ್‌ಗೆ ಡಿಮ್ ಲೈಟಿನಂತೆ ಮೇಲುಗಡೆ ಕತ್ತರಿಸಿದ ಅಂಚಿಲ್ಲ. ನೇರ ಕಣ್ಣಿಗೆ ಬೀಳಲೆಂದೇ ಅದು ಇರುವುದು, ಕತ್ತಲಲ್ಲಿ ಅದೇ ಗುಣ ಉಪದ್ರವವಾಗುತ್ತದೆ.

ಮೊದಲು ವಿದ್ಯುತ್ ತೆಗೆದದ್ದು ರೇಡಿಯೋದ ಫ್ಯೂಸಿನಿಂದ. ತಪ್ಪು. ಮಗಳ ಹಾಸ್ಟೆಲ್ ಮುಂದೆ ಎಂಜಿನ್ ಆರಿಸಿ ಹಾಡು ಕೇಳುತ್ತ ಕೂತರೆ ಹಗಲು ದೀಪವೂ ಉರಿಯುತ್ತಲೇ ಇತ್ತು. ವೈಪರಿನ ಫ್ಯೂಸಿಗೆ ಬದಲಾಯಿಸಿದೆ. ಅದಕ್ಕೆ ಕೀಲಿ ಪೂರ್ತಿ ಆನ್ ಆದಾಗ ಮಾತ್ರ ಜೀವ. ಅಲ್ಲಿಂದ 3 ಆಂಪಿಯರಿನ ಬೇರೆ ಫ್ಯೂಸಿನ ಮೂಲಕ ರಿಲೇಯ 30ನೇ ಕಾಲಿಗೆ. 87ಎ ಕಾಲಿನಿಂದ ದೀಪಗಳಿಗೆ. ರಿಲೇ ಮಲಗಿರುವಾಗ 30 ಮತ್ತು 87ಎ ಕೂಡಿಯೇ ಇರುತ್ತವೆ, ಎದ್ದಾಗ ಬಿಡುತ್ತವೆ. ಸುರುಳಿಯ ಒಂದು ತುದಿಯಾದ 86ನೇ ಕಾಲಿಗೆ ಪಾರ್ಕಿಂಗ್ ಲೈಟಿನ ತಂತಿಯಿಂದ ಒಂದು ಕವಲು, ಇನ್ನೊಂದು ತುದಿ 85 ಕಾರಿನ ಬಾಡಿಯ ಅರ್ಥಿಂಗಿಗೆ. ಪಾರ್ಕಿಂಗ್ ಲೈಟ್ ಹಚ್ಚಿದರೆ ರಿಲೇ ಎದ್ದು ಹಗಲು ದೀಪ ಆರುತ್ತದೆ. ಹೆಡ್‌ಲೈಟ್ ಹಚ್ಚಿದಾಗ ಪಾರ್ಕಿಂಗ್ ಹೇಗೂ ಹತ್ತಿರುತ್ತದೆ. ಒಂದೇ ರಿಲೇ, ನಾಲ್ಕು ತಂತಿ. ಎರಡೂ ದೀಪ ಸೇರಿ ಎಳೆದದ್ದು 1.2 ಆಂಪಿಯರ್, ಅಂದರೆ ಹದಿನೇಳು ವ್ಯಾಟಿನ ಆಸುಪಾಸು. ಡಿಮ್ ಬಲ್ಬುಗಳೆರಡೇ 110 ವ್ಯಾಟ್. ಪರೀಕ್ಷೆ ಮಾಡಿದೆ, ಎಲ್ಲ ಸರಿಯಾಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಬರಹ ಅರ್ಧಕ್ಕೆ ಮುಗಿಯುತ್ತಿತ್ತು.

ಪಾರ್ಕಿಂಗ್ ಲೈಟ್ ಆರಿಸಿದಾಗಲೆಲ್ಲ ರೇಡಿಯೋದಲ್ಲಿ 'ಟಪ್' ಎಂಬ ಸದ್ದು. ರಿಲೇಯ ಸುರುಳಿ ಬಿಡುವಾಗ ಹಿಂದಕ್ಕೆ ಒದೆಯುವ ವೋಲ್ಟೇಜು ಅದು. ಸುರುಳಿಯ ವಿಷಯದಲ್ಲಿ ನನಗೆ ಪಾಠ ಬೇಡ. 86 ಮತ್ತು 85ರ ನಡುವೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 4007 ಡಯೋಡ್ ಕೂರಿಸಿದರೆ ಒದೆತ ಅಲ್ಲೇ ಸಾಯುತ್ತದೆ. ಬಿಳಿ ಉಂಗುರವಿರುವ ತುದಿ ಪಾಸಿಟಿವ್ ಕಡೆಗೆ, ಅಂದರೆ 86ಕ್ಕೆ. ಶನಿವಾರ ಮಧ್ಯಾಹ್ನ ಚಿತ್ರದುರ್ಗಕ್ಕೆ ಹೊರಡುವ ಮೊದಲು ರಿಲೇ ಬೇಸನ್ನು ಬೋರಲು ಹಾಕಿ, ತಂತಿ ಬರುವ ಕಡೆಯಿಂದ ಬೆಸುಗೆ ಹಾಕಿದೆ, ಸ್ಲೀವ್ ಎಳೆದೆ, ಹೊರಟೆ. ಬೇಸನ್ನು ಬೋರಲು ಹಾಕಿದರೆ ಕಾಲುಗಳ ಜಾಗ ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಾಗುತ್ತದೆ. ಉಂಗುರ 85ಕ್ಕೆ ಕೂತಿತ್ತು.

ಹಗಲೆಲ್ಲ ಏನೂ ಆಗಲಿಲ್ಲ. ಮಗಳನ್ನು ಕರೆದುಕೊಂಡು ಸಂಜೆ ಚಿತ್ರದುರ್ಗ ಬಿಟ್ಟೆವು. ಡಿಸೆಂಬರ್, ಆರು ಗಂಟೆಗೆ ಸೂರ್ಯ ಎಡಗಡೆ ಇಳಿದು ಆಗಿತ್ತು. ರಾಷ್ಟ್ರೀಯ ಹೆದ್ದಾರಿ 48ಕ್ಕೆ ಬಂದು ಸ್ವಲ್ಪ ದೂರ ಹೋದ ಮೇಲೆ ಹೆಡ್‌ಲೈಟ್ ಹಚ್ಚಿದೆ. ಹೊಸ ತಂತಿಯ ಬೆಳಕು ರಸ್ತೆಯ ಮೇಲೆ ಚಾಪೆ ಹಾಸಿದಂತೆ ಬಿತ್ತು. ನನಗೋ ಹೆಮ್ಮೆ. 'ಅಪ್ಪಾ, ಸ್ಪೀಡಿನ ಮುಳ್ಳು ಕಾಣುತ್ತಿಲ್ಲ' ಎಂದಳು ಮಗಳು. ಡ್ಯಾಶ್‌ಬೋರ್ಡ್ ಕತ್ತಲಾಗಿತ್ತು. ಆ ಬಲ್ಬು ಆಗಾಗ ಕಣ್ಣು ಮುಚ್ಚುವುದು ಹಳೆಯ ಚಾಳಿ, ನಾಳೆ ನೋಡೋಣ ಎಂದೆ.

ಭರಮಸಾಗರದ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ನಮ್ಮ ಹಿಂದೆಯೇ ಒಂದು ಲಾರಿ ಬಂದು ನಿಂತಿತು. ಚಾಲಕ ಇಳಿದವನೇ ಚಹಾದ ಕಡೆ ಹೋಗದೆ ನನ್ನ ಕಡೆ ಬಂದ. ನನಗಿಂತ ಹಿರಿಯ.

'ಏನು ಸ್ವಾಮಿ, ಹಿಂದೆ ದೀಪವೇ ಇಲ್ಲವಲ್ಲ? ಬ್ರೇಕ್ ಹಾಕಿದಾಗ ಮಾತ್ರ ಕಾಣಿಸುತ್ತೀರಿ. ಎರಡು ಸಲ ಎದೆ ಝಲ್ ಎಂದಿತು ನನಗೆ.'

'ಹೆಡ್‌ಲೈಟ್ ಉರಿಯುತ್ತಿದೆಯಲ್ಲ ಯಜಮಾನರೇ.'

'ಅದು ನಿಮಗೆ. ನನಗೆ?'

ಹಿಂದೆ ಹೋಗಿ ನೋಡಿದೆ. ಟೇಲ್ ಲ್ಯಾಂಪ್ ಎರಡೂ ಸತ್ತಿದ್ದವು. ಮುಂದೆ ಬಂದು ನೋಡಿದರೆ ಹೆಡ್‌ಲೈಟ್ ಜೊತೆಗೆ ಹಗಲು ದೀಪವೂ ಉರಿಯುತ್ತಿತ್ತು. ಆಗ ತಲೆಯೊಳಗೆ ಎಲ್ಲ ಕೂಡಿತು. ಉಲ್ಟಾ ಡಯೋಡ್ ಪಾರ್ಕಿಂಗ್ ತಂತಿಯನ್ನು ನೇರ ಬಾಡಿಗೆ ಸೇರಿಸಿತ್ತು; ಸ್ವಿಚ್ ತಿರುಗಿಸಿದ ಕ್ಷಣವೇ ಪಾರ್ಕಿಂಗ್ ಫ್ಯೂಸು ಹೋಗಿತ್ತು. ಅದೇ ಫ್ಯೂಸಿನ ಮೇಲೆ ಟೇಲ್ ಲ್ಯಾಂಪ್, ನಂಬರ್ ಪ್ಲೇಟಿನ ದೀಪ, ಡ್ಯಾಶ್‌ಬೋರ್ಡ್. ಹೆಡ್‌ಲೈಟಿಗೆ ಬೇರೆ ಫ್ಯೂಸು, ಬ್ರೇಕಿಗೆ ಬೇರೆ, ಆದ್ದರಿಂದ ಅವು ಬದುಕಿದ್ದವು. ಪಾರ್ಕಿಂಗ್ ಕರೆಂಟು ಬಾರದೆ ರಿಲೇ ಏಳಲಿಲ್ಲ, ಹಗಲು ದೀಪ ಆರಲಿಲ್ಲ. ಕಾರು ತನ್ನ ಕೈಲಾದಷ್ಟು ಹೇಳಿತ್ತು: ಒಳಗೆ ಡ್ಯಾಶ್‌ಬೋರ್ಡ್ ಕತ್ತಲು ಮಾಡಿ, ಹೊರಗೆ ಆರಬೇಕಾದ ದೀಪ ಆರಿಸದೆ.

ಹೊಸ 10 ಆಂಪಿಯರ್ ಫ್ಯೂಸು ಹಾಕಿದೆ; ಕಣ್ಣೆದುರೇ ಟಿಕ್ ಎಂದು ಹೋಯಿತು. ಚಾಲಕನ ಸಹಾಯಕ ಹುಡುಗ ಮೊಬೈಲ್ ಬೆಳಕು ಹಿಡಿದ, ಅವನ ಬಳಿಯೇ ಇದ್ದ ಬ್ಲೇಡಿನಿಂದ ಪಾರ್ಕಿಂಗಿನ ಕವಲು ತಂತಿ ಕತ್ತರಿಸಿದೆ. ರೇಡಿಯೋದ ಫ್ಯೂಸು ಕಿತ್ತು ಅಲ್ಲಿ ಕೂರಿಸಿದೆ. ಹಿಂದೆ ಕೆಂಪು ಹತ್ತಿತು. ಹಗಲು ದೀಪದ ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಚಹಾದ ದುಡ್ಡು ಕೊಡಲು ಹೋದರೆ ಚಾಲಕ ತೆಗೆದುಕೊಳ್ಳಲಿಲ್ಲ. ಆನಗೋಡಿನವರೆಗೂ ಲಾರಿ ನಮ್ಮ ಹಿಂದೆಯೇ ಇತ್ತು. ನನ್ನ ದೀಪದ ಮೇಲೆ ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ ಎಂದು ಕಾಣುತ್ತದೆ.

ನನ್ನದು ಡಯೋಡಿನ ದೆಸೆಯಿಂದ ಆದದ್ದು. ಆದರೆ ಆ ರಾತ್ರಿಯ ನಂತರ ರಸ್ತೆಯಲ್ಲಿ ನೋಡುತ್ತ ಹೋದರೆ ಡಯೋಡಿಲ್ಲದೆಯೂ ಇದೇ ಸ್ಥಿತಿಯಲ್ಲಿ ಓಡುವ ಕಾರುಗಳು ಕಾಣುತ್ತವೆ. ಅನೇಕ ಕಾರುಗಳಲ್ಲಿ ಡಿಆರ್‌ಎಲ್ ಉರಿಯುವಾಗ ಹಿಂದಿನ ದೀಪ ಉರಿಯುವುದಿಲ್ಲ. ಹೊಸ ಕಾರುಗಳ ಡ್ಯಾಶ್‌ಬೋರ್ಡ್ ಹಗಲೂ ರಾತ್ರಿಯೂ ಬೆಳಗುತ್ತಲೇ ಇರುತ್ತದೆ; ಮುಂದಿನ ಗೋಡೆಯ ಮೇಲೆ ಬಿಳಿ ಬೆಳಕೂ ಕಾಣುತ್ತದೆ. ಬೀದಿದೀಪವಿರುವ ಪಿ.ಬಿ. ರಸ್ತೆಯಲ್ಲಿ ಹೊರಟವನಿಗೆ ಲೈಟ್ ಹಚ್ಚಿದ್ದೇನೆ ಎಂದೇ ಅನಿಸುತ್ತದೆ. ಹಿಂದಿನಿಂದ ಬರುವವನಿಗೆ ಆ ಕಾರೇ ಇಲ್ಲ.

ಹಾಗಾಗಿ ನನ್ನ ಮಟ್ಟಿಗೆ ಡಿಆರ್‌ಎಲ್‌ನ ಪಾಳಿ ನಿಚ್ಚಳ ಹಗಲಿಗೆ ಮಾತ್ರ. ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮ ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರದಿಂದ, ಹುಟ್ಟುವ ಅರ್ಧ ಗಂಟೆ ಮೊದಲಿನವರೆಗೆ, ಹಾಗೂ ಬೆಳಕು ಸಾಲದಿರುವ ಯಾವುದೇ ಹೊತ್ತಿನಲ್ಲಿ ದೀಪ ಹಚ್ಚಿರಬೇಕು ಎನ್ನುತ್ತದೆ. ಆ ಕೊನೆಯ ತುಂಡನ್ನೇ ಜನ ಮರೆಯುವುದು. ಜೋರು ಮಳೆ, ಜೋಗಿಮಟ್ಟಿ ಕಡೆಯ ಬೆಳಗಿನ ಮಂಜು, ಒಕ್ಕುವ ಯಂತ್ರ ಎಬ್ಬಿಸಿದ ಜೋಳದ ಧೂಳು, ಇವೆಲ್ಲ ಅದರೊಳಗೆ ಬರುತ್ತವೆ. ನಾನು ಇಟ್ಟುಕೊಂಡ ಲೆಕ್ಕ: ವೈಪರಿಗೆ ಕೈ ಹೋದರೆ ಹೆಡ್‌ಲೈಟಿಗೂ ಹೋಗಬೇಕು. ಅದೂ ಡಿಮ್‌ನಲ್ಲಿ. ಮಂಜಿನಲ್ಲಿ ಬ್ರೈಟ್ ಹಾಕಿದರೆ ನೀರಿನ ಹನಿಗಳು ಬೆಳಕನ್ನು ನಮ್ಮ ಮುಖಕ್ಕೇ ವಾಪಸು ಎಸೆದು ಎದುರಿಗೆ ಬಿಳಿ ಪರದೆ ಕಟ್ಟುತ್ತವೆ. ಬರಿಯ ಪಾರ್ಕಿಂಗ್ ಲೈಟಿನಲ್ಲಿ ಓಡಿಸುವುದು ಎಣ್ಣೆ ಉಳಿಸಲು ಬತ್ತಿ ಕತ್ತರಿಸಿದಂತೆ. ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತ ಓಡುವವರ ಬಗ್ಗೆ ಏನೂ ಹೇಳದಿರುವುದೇ ಮೇಲು. ಅವರು ಎಡಕ್ಕೆ ತಿರುಗುತ್ತಾರೋ ಬಲಕ್ಕೋ ಅವರ ಮನೆದೇವರಿಗೇ ಗೊತ್ತು.

ಭಾನುವಾರ ದುರಸ್ತಿ. ಹೊಸ ಡಯೋಡ್, ಉಂಗುರ 86ಕ್ಕೆ; ಈ ಸಲ ಬೇಸಿನ ಮೇಲೆ ಸುಣ್ಣದ ಬಿಳಿಯಲ್ಲಿ ಗುರುತು ಹಾಕಿಕೊಂಡೆ. ಅದಕ್ಕಿಂತ ಮುಖ್ಯವಾದದ್ದು ಪಾರ್ಕಿಂಗ್ ಕವಲು ಹೊರಡುವ ಜಾಗದಲ್ಲೇ 1 ಆಂಪಿಯರಿನ ಪುಟ್ಟ ಫ್ಯೂಸು. ರಿಲೇಯ ಸುರುಳಿ ಎಳೆಯುವುದು ಅದರ ಕಾಲು ಭಾಗವೂ ಅಲ್ಲ. ಇನ್ನು ನನ್ನ ಕೈವಾಡದಿಂದ ಏನೇ ಕೆಟ್ಟರೂ ಸಾಯುವುದು ಆ ಪುಟ್ಟ ಫ್ಯೂಸು, ಟೇಲ್ ಲ್ಯಾಂಪ್ ಅಲ್ಲ. ಇದನ್ನು ಮೊದಲೇ ಹಾಕಬೇಕಿತ್ತು. ಬೇರೆಯವರ ಸ್ಟಾರ್ಟರ್ ಪೆಟ್ಟಿಗೆಯಲ್ಲಾಗಿದ್ದರೆ ಹಾಕದೆ ಬಿಡುತ್ತಿರಲಿಲ್ಲ.

ಜೊತೆಗೆ ಟೇಲ್ ಲ್ಯಾಂಪಿನ ಹೋಲ್ಡರಿನಿಂದ ಒಂದು ತೆಳು ತಂತಿಯನ್ನು ಕಾರ್ಪೆಟಿನ ಅಡಿಯಲ್ಲಿ ಮುಂದಕ್ಕೆ ತಂದು, ಒಂದು ಕಿಲೋ ಓಮ್ ರೆಸಿಸ್ಟರ್ ಮೂಲಕ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಎಲ್‌ಇಡಿ ಕೂರಿಸಿದೆ. ಹಿಂದಿನವರೆಗೆ ಕರೆಂಟು ಹೋಗಿದೆ ಎಂದು ಅದು ಹೇಳುತ್ತದೆ. ಬಲ್ಬು ಉರಿಯುತ್ತಿದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಅಂಗಡಿಯ ಶಟರಿಗೆ ಹಿಮ್ಮುಖವಾಗಿ ನಿಲ್ಲಿಸಿ ಕನ್ನಡಿಯಲ್ಲಿ ನೋಡುತ್ತೇನೆ.

ಕೊನೆಗೆ ಬೆಳಕಿನ ಗುರಿ. ಹತ್ತಿ ಗಿರಣಿಗಳ ಊರು ನಮ್ಮದು, ಉದ್ದನೆಯ ಗೋಡೆಗೆ ಬರವಿಲ್ಲ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಬಲ್ಬಿನ ನಡುಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ 5 ಸೆಂಟಿಮೀಟರ್ ಕೆಳಗಿರಬೇಕು, ಎಡಕ್ಕೆ ಮಾತ್ರ ಸ್ವಲ್ಪ ಏರಬೇಕು. ಎಡಗಡೆ ನಡೆದು ಹೋಗುವವರು ಕಾಣಲೆಂದು. ನನ್ನ ಬಲಗಡೆಯ ದೀಪ ಗೆರೆ ದಾಟಿ ಒಂದು ಗೇಣು ಮೇಲೆ ನೋಡುತ್ತಿತ್ತು. ಹಿಂದಿನ ತಿರುಪನ್ನು ಕಾಲು ಸುತ್ತಿನಂತೆ ತಿರುಗಿಸಿ ತಿರುಗಿಸಿ ಇಳಿಸಿದೆ. ಅಷ್ಟೂ ದಿನ ಎದುರಿನವರು ನನಗೆ ಬ್ರೈಟ್ ಹೊಡೆಯುತ್ತಿದ್ದದ್ದು ಅವರ ದುರಹಂಕಾರ ಎಂದು ಬೈದಿದ್ದೆ.

ಮೊನ್ನೆ ನೂಲಿನ ಅಂಗಡಿಯ ಹಿರಿಯರು ತಮ್ಮ ಸರಕು ಸಾಗಿಸುವ ಗಾಡಿ ತಂದು ನಿಲ್ಲಿಸಿದರು. 'ಇದಕ್ಕೂ ಹಗಲು ದೀವಟಿಗೆ ಹಾಕಿಕೊಡು, ಚೆನ್ನಾಗಿ ಕಾಣುತ್ತದೆ' ಎಂದರು. ಕೀಲಿ ತಿರುಗಿಸಿ ಹೆಡ್‌ಲೈಟ್ ಹಚ್ಚಲು ಹೇಳಿ ಹಿಂದೆ ಹೋದೆ. ಎಡಗಡೆ ಬಲ್ಬಿರಲಿಲ್ಲ. ಬಲಗಡೆ ಬಲ್ಬಿತ್ತು, ಕೆಂಪು ಮುಚ್ಚಳದೊಳಗೆ ಜೇಡ ಬಲೆ ಕಟ್ಟಿತ್ತು.

'ಮೊದಲು ಈ ಕಡೆ ಮಾಡೋಣ, ಕೂತುಕೊಳ್ಳಿ' ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡೆ.